ಗಳಗಂಡದ ಬೆನ್ನು ಹತ್ತಿದ ವೈದ್ಯ ಮೆಕ್‌ಕ್ಯಾರಿಸನ್

ಒಂದೇ ನಾಲೆಯ ನೀರು ಮೇಲ್ಭಾಗದ ಊರಿಗೆ ಬರುವ ಬಗೆ ಬೇರೆ, ಕೊನೆ ಭಾಗದ ಊರಿಗೆ ಬರುವ ಬಗೆಯೇ ಬೇರೆ. ಭದ್ರಾ ಅಚ್ಚುಕಟ್ಟಿನ ತ್ಯಾವಣಿಗೆ ಸುತ್ತಲಿನ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಂಥದ್ದೇ ಒಂದು ನಾಲೆಯ ಊರುಗಳನ್ನು ಹೋಲಿಸಿ ನೋಡಿ, ಕೊರಳಿನ ಥೈರಾಯ್ಡ್ ಗ್ರಂಥಿಯ ಕಾಯಿಲೆಗೆ ಕಾರಣ ಹುಡುಕಲು ಶತಮಾನದ ಹಿಂದೆ ಹೊರಟವರು ಸರ್ ರಾಬರ್ಟ್ ಮೆಕ್‌ಕ್ಯಾರಿಸನ್.

1878ರ ಮಾರ್ಚ್ 15ರಂದು ಐರ್ಲೆಂಡಿನ ಪೋರ್ಟಡೌನ್‌ನಲ್ಲಿ ಜನಿಸಿದ ಮೆಕ್‌ಕ್ಯಾರಿಸನ್ ಬೆಲ್‌ಫಾಸ್ಟ್‌ನಲ್ಲಿ ವೈದ್ಯಕೀಯ ಶಿಕ್ಷಣ ಪಡೆದರು. 1901ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿ, ಅವಿಭಜಿತ ಭಾರತದ ವಾಯವ್ಯ ಗಡಿಯ ಚಿತ್ರಾಲ್‌ಗೂ ಅನಂತರ ಗಿಲ್ಗಿಟ್‌ಗೂ ನಿಯುಕ್ತರಾದರು. ಆ ಕಣಿವೆಗಳಲ್ಲಿ ಗಳಗಂಡವಿಲ್ಲದ ಊರು ಅಪರೂಪವಾಗಿತ್ತು. ಕುತ್ತಿಗೆಯ ಬಾವಿಗಿಂತಲೂ ಅವರ ಮನಸ್ಸನ್ನು ಕಲಕಿದ್ದು ಮಕ್ಕಳ ಸ್ಥಿತಿ. ಕಿವುಡು, ಮೂಕತನ, ಕುಂಠಿತ ದೇಹ, ಬೆಳೆಯದ ಬುದ್ಧಿಯೊಡನೆ ಅಲ್ಲಿ ಮಕ್ಕಳು ಹುಟ್ಟುತ್ತಿದ್ದರು. ಇಂಥ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿ ಅವರು 1908ರಲ್ಲಿ ಪ್ರಕಟಿಸಿದ ಅಧ್ಯಯನ ವೈದ್ಯಲೋಕದ ಗಮನ ಸೆಳೆಯಿತು.

ಗಂಟಲಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಯು ಆಹಾರದಲ್ಲಿನ ಅಯೋಡಿನ್ ಬಳಸಿ ಎರಡು ಹಾರ್ಮೋನುಗಳನ್ನು ತಯಾರಿಸುತ್ತದೆ. ದೇಹದ ಕಾವು, ಹೃದಯದ ಬಡಿತ, ಮಕ್ಕಳ ಬೆಳವಣಿಗೆ, ಗರ್ಭಸ್ಥ ಶಿಶುವಿನ ಮಿದುಳು ಇವೆಲ್ಲಕ್ಕೂ ಆ ಹಾರ್ಮೋನುಗಳು ಬೇಕು. ಅಯೋಡಿನ್ ಸಾಲದಾದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಇನ್ನಷ್ಟು ದುಡಿಯುವಂತೆ ಪ್ರಚೋದಿಸುತ್ತದೆ. ದುಡಿದು ದುಡಿದು ಗ್ರಂಥಿ ಊದಿಕೊಳ್ಳುತ್ತದೆ. ಅದೇ ಗಳಗಂಡ.

ಇಂದು ಶಾಲಾಮಕ್ಕಳಿಗೂ ತಿಳಿದಿರುವ ಈ ವಿಚಾರ ಅಂದು ವಿವಾದದಲ್ಲಿತ್ತು. ಥೈರಾಯ್ಡ್‌ನಲ್ಲಿ ಅಯೋಡಿನ್ ಇದೆಯೆಂದು ಜರ್ಮನಿಯ ಬೌಮನ್ 1895ರ ಸುಮಾರಿಗೆ ಕಂಡುಕೊಂಡಿದ್ದರೂ, ಗಳಗಂಡಕ್ಕೆ ಕೊಳಕು ನೀರೇ ಕಾರಣವೆಂದು ನಂಬಿದ್ದವರು ಬಹಳ. ಗಿಲ್ಗಿಟ್‌ನ ಹಳ್ಳಿಗಳು ಒಂದೇ ಕಾಲುವೆಯ ನೀರನ್ನು ಒಂದರ ನಂತರ ಒಂದರಂತೆ ಬಳಸುತ್ತಿದ್ದವು. ಮೇಲಿನ ಊರಿನಲ್ಲಿ ನೂರಕ್ಕೆ ಸುಮಾರು 12 ಜನರಿಗಿದ್ದ ಗಳಗಂಡ, ಕೆಳಗಿಳಿದಂತೆ ಏರುತ್ತಾ ತುದಿಯ ಊರಿನಲ್ಲಿ 45ರಷ್ಟಾಗಿರುವುದನ್ನು ಮೆಕ್‌ಕ್ಯಾರಿಸನ್ ಗುರುತಿಸಿದರು.

ಎಣಿಕೆಯಷ್ಟರಿಂದ ಅವರಿಗೆ ಸಮಾಧಾನವಾಗಲಿಲ್ಲ. ಆ ನೀರನ್ನು ಸೋಸಿ, ಉಳಿದ ಗಸಿಯನ್ನು ಸ್ವಯಂಸೇವಕರಿಗೆ ಕುಡಿಸಿದರು, ತಾವೂ ಕುಡಿದರು. ಕೆಲವರ ಥೈರಾಯ್ಡ್ ಬಾತುಕೊಂಡಿತು, ಅವರದೂ ಬಾತಿತು. ಕುದಿಸಿದ ಗಸಿ ಅಂಥ ಪರಿಣಾಮ ಬೀರಲಿಲ್ಲ. ನೀರಿನಲ್ಲಿರುವ ಸೂಕ್ಷ್ಮಜೀವಿಯೇ ಗಳಗಂಡಕ್ಕೆ ಮೂಲವೆಂಬ ತೀರ್ಮಾನಕ್ಕೆ ಅವರು ಬಂದರು.

ಈ ತೀರ್ಮಾನ ಮುಂದೆ ನಿಲ್ಲಲಿಲ್ಲ. ಅಮೆರಿಕದ ಡೇವಿಡ್ ಮರೀನ್ 1917ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ ಶಾಲಾ ಬಾಲಕಿಯರಿಗೆ ಅಯೋಡಿನ್ ನೀಡಿ ಗಳಗಂಡ ತಡೆಯಬಹುದೆಂದು ತೋರಿಸಿದರು. 1922ರಲ್ಲಿ ಸ್ವಿಟ್ಜರ್ಲೆಂಡ್ ಅಯೋಡಿನ್ ಬೆರೆಸಿದ ಉಪ್ಪಿನ ಬಳಕೆ ಆರಂಭಿಸಿತು. ಆದರೆ ಮೆಕ್‌ಕ್ಯಾರಿಸನ್ ಕೇಳಿದ ಪ್ರಶ್ನೆ ವ್ಯರ್ಥವಾಗಲಿಲ್ಲ. ಅಯೋಡಿನ್ ಕೊರತೆಯ ಜೊತೆಗೆ ಬೇರೇನಾದರೂ ಇದೆಯೇ ಎಂಬ ಹುಡುಕಾಟ ಅವರನ್ನು ಆಹಾರದತ್ತ ತಿರುಗಿಸಿತು.

1918ರಲ್ಲಿ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದೇ ಕೊಠಡಿಯಲ್ಲಿ ಅವರ ಆಹಾರ ಸಂಶೋಧನೆ ಮೊದಲಾಯಿತು. ಸರ್ಕಾರದ ಮಿತವ್ಯಯದ ನೆಪದಲ್ಲಿ 1923ರಲ್ಲಿ ನಿಂತುಹೋದ ಕೆಲಸ 1925ರಲ್ಲಿ ಮತ್ತೆ ಚಿಗುರಿತು. ದೇಶದ ವಿವಿಧ ಪ್ರಾಂತ್ಯಗಳ ಊಟವನ್ನು ಇಲಿಗಳಿಗೆ ಉಣಿಸಿ ಅವುಗಳ ಬೆಳವಣಿಗೆಯನ್ನು ಅಳೆದದ್ದು ಇಲ್ಲಿಯೇ. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿಯ ಸಿಖ್ಖರ ಆಹಾರ ಉಂಡ ಇಲಿಗಳು ಸರಾಸರಿ 235 ಗ್ರಾಂ ತೂಗಿದವು. ಕನ್ನಡಿಗರ ಊಟ ಉಂಡವು 185 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯ ಮದ್ರಾಸಿ ಊಟ ಉಂಡವು 155 ಗ್ರಾಂ ತೂಗಿದವು.

ಎಲೆಕೋಸು, ಸೋಯಾ, ಶೇಂಗಾಗಳನ್ನೇ ಅತಿಯಾಗಿ ತಿನ್ನಿಸಿದರೆ ಪ್ರಾಣಿಗಳ ಥೈರಾಯ್ಡ್ ಊದಬಹುದೆಂಬುದನ್ನೂ ಅವರು 1930ರ ದಶಕದಲ್ಲಿ ಪರೀಕ್ಷಿಸಿದರು. ಇದರಿಂದ ಶೇಂಗಾ ಬೆಳೆಯುವ ಜಗಳೂರಿನವರು ಗಾಬರಿಯಾಗಬೇಕಿಲ್ಲ. ಅಯೋಡಿನ್ ಸಾಕಷ್ಟಿರುವ ಮಿಶ್ರ ಆಹಾರದಲ್ಲಿ ಇವು ತೊಂದರೆ ಮಾಡುವುದಿಲ್ಲ.

1933ರಲ್ಲಿ ಸರ್ ಪದವಿ ಪಡೆದ ಮೆಕ್‌ಕ್ಯಾರಿಸನ್ 1935ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ಅವರು ಕಟ್ಟಿದ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಮುಂದೆ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ಎಂದು ಹೆಸರಾಯಿತು. 1960ರ ಮೇ 18ರಂದು ಆಕ್ಸ್‌ಫರ್ಡ್‌ನಲ್ಲಿ ಅವರು ನಿಧನರಾದರು.

ಅವರು ಬಿಟ್ಟ ಎಳೆಯನ್ನು ಭಾರತೀಯರೇ ಮುಂದುವರಿಸಿದರು. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಹೋದ್ಯೋಗಿಗಳು 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಉಪ್ಪು ಹಂಚಿ, ಗಳಗಂಡ ಇಳಿಮುಖವಾಗುವುದನ್ನು ಸಾಬೀತುಪಡಿಸಿದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಜಾರಿಯಾಯಿತು. ಹಿಮಾಲಯಕ್ಕಷ್ಟೇ ಸೀಮಿತವೆಂದು ಭಾವಿಸಿದ್ದ ಈ ಕೊರತೆ ಕೊಡಗು, ಚಿಕ್ಕಮಗಳೂರಿನಂಥ ಮಲೆನಾಡಿನ ಜಿಲ್ಲೆಗಳಲ್ಲೂ ಇರುವುದು ಬಳಿಕ ಬೆಳಕಿಗೆ ಬಂತು.

ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಗರ್ಭಿಣಿಗೆ 250. ನಗುವ ಸೂರ್ಯನ ಚಿಹ್ನೆಯ ಉಪ್ಪನ್ನು ಮುಚ್ಚಿದ ಡಬ್ಬಿಯಲ್ಲಿ, ಒಲೆಯ ಕಾವಿನಿಂದ ದೂರವಿಡುವುದು ಒಳಿತು. ಹಾಗೆಂದು ಎಲ್ಲ ಥೈರಾಯ್ಡ್ ತೊಂದರೆಗೂ ಉಪ್ಪೇ ಮದ್ದಲ್ಲ. ಇಂದು ಅನೇಕರಲ್ಲಿ ಕಾಣುವ ಹಾರ್ಮೋನು ಕೊರತೆಗೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆರಗುವುದು ಮುಖ್ಯ ಕಾರಣ. ಅಕಾರಣ ಸುಸ್ತು, ಮೈ ತೂಕ ಏರುವುದು, ಚಳಿ ತಡೆಯಲಾಗದಿರುವುದು, ಮುಟ್ಟಿನ ಏರುಪೇರು ಕಂಡರೆ ಟಿ.ಎಸ್.ಎಚ್. ರಕ್ತಪರೀಕ್ಷೆ ಮಾಡಿಸಬೇಕು. ವೈದ್ಯರು ಬರೆದ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸೇವಿಸಬೇಕು. ಗರ್ಭಿಣಿಯಾದಾಗ ಹೆದರಿ ಅದನ್ನು ನಿಲ್ಲಿಸಲೇಬಾರದು. ಗಿಲ್ಗಿಟ್‌ನ ಕಣಿವೆಯಲ್ಲಿ ಮೆಕ್‌ಕ್ಯಾರಿಸನ್ ಕಂಡಂಥ ಮಕ್ಕಳು ಇನ್ನೆಲ್ಲೂ ಹುಟ್ಟದಂತೆ ತಡೆಯುವ ದಾರಿ ಇಂದು ಪ್ರತಿ ಮನೆಯ ಅಡುಗೆಮನೆಯಲ್ಲೂ ಹತ್ತಿರದ ಆಸ್ಪತ್ರೆಯಲ್ಲೂ ಇದೆ.