ಸಮುದ್ರಕ್ಕೊಂದು ಸಮಾನ ಅಳತೆ: ನಾನ್ಸೆನ್

ಮಕ್ಕಳೇ, ಮೀನಿಗೆ ದೇಶದ ಗಡಿ ಗೊತ್ತಿಲ್ಲ. ಒಂದು ದೇಶದ ದಡದ ಬಳಿ ಮೊಟ್ಟೆಯೊಡೆದ ಮೀನು ಇನ್ನೊಂದು ದೇಶದವರ ಬಲೆಗೆ ಬೀಳಬಹುದು. ಹಾಗಾದರೆ ಇಡೀ ಸಮುದ್ರವನ್ನು ಅಭ್ಯಾಸ ಮಾಡಬೇಕಾದವರು ಯಾರು? ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದಕ್ಕೆ ಉತ್ತರ ಹುಡುಕಿದವರಲ್ಲಿ ನಾರ್ವೆಯ ಫ್ರಿಡ್ಟ್ಯೋಫ್ ನಾನ್ಸೆನ್ ಒಬ್ಬರು.

ನಾನ್ಸೆನ್ ಹುಟ್ಟಿದ್ದು 1861ರ ಅಕ್ಟೋಬರ್ 10ರಂದು, ಇಂದು ಓಸ್ಲೊ ಎನಿಸಿರುವ ಕ್ರಿಸ್ಟಿಯಾನಿಯ ಬಳಿ. ಓದಿದ್ದು ಪ್ರಾಣಿಶಾಸ್ತ್ರ. 1888ರಲ್ಲಿ ಐವರು ಸಂಗಡಿಗರೊಂದಿಗೆ ಸ್ಕೀ ಕಟ್ಟಿಕೊಂಡು ಗ್ರೀನ್‌ಲ್ಯಾಂಡಿನ ಹಿಮವನ್ನು ದಾಟಿದರು. 1893ರಲ್ಲಿ 'ಫ್ರಾಮ್' ಹಡಗನ್ನು ಬೇಕೆಂದೇ ಉತ್ತರ ಧ್ರುವ ಸಾಗರದ ಮಂಜುಗಡ್ಡೆಯಲ್ಲಿ ಸಿಲುಕಿಸಿದರು! ಮಂಜುಗಡ್ಡೆ ಸಾಗಿದತ್ತ ಹಡಗೂ ಸುಮಾರು ಮೂರು ವರ್ಷ ಸಾಗಿತು. ಆ ಸಾಗರ ಆಳವಿಲ್ಲದ್ದು ಎಂಬ ಊಹೆ ಸುಳ್ಳಾಯಿತು. 3,000 ಮೀಟರಿಗೂ ಹೆಚ್ಚು ಆಳ ಸಿಕ್ಕಿತು.

ಆದರೆ ಅಲ್ಲಿ ಅಳೆದ ಆಳದ ನೀರಿನ ಲವಣಾಂಶ ನಿಜಕ್ಕಿಂತ ಹೆಚ್ಚಾಗಿ ದಾಖಲಾಗಿತ್ತೆಂದು ಮುಂದೆ ನಾನ್ಸೆನ್ ಅವರಿಗೇ ತಿಳಿಯಿತು. ಇದು ಸಣ್ಣ ವಿಷಯವಲ್ಲ. ಒಂದು ಕಿಲೋಗ್ರಾಂ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆಳದಲ್ಲಿ ಒಂದೆಡೆಗೂ ಇನ್ನೊಂದೆಡೆಗೂ ಇರುವ ವ್ಯತ್ಯಾಸ ಗ್ರಾಮಿನ ನೂರನೇ ಒಂದು ಭಾಗದಷ್ಟೇ ಇರಬಹುದು. ಎರಡು ಅಂಗಡಿಗಳ ತೂಕದ ಬಟ್ಟುಗಳು ಬೇರೆಬೇರೆಯಾಗಿದ್ದರೆ ಯಾರ ಕಿಲೋ ಸರಿ ಎನ್ನುತ್ತೀರಿ? ದೇಶಗಳ ಅಳತೆಯೂ ಹಾಗೆಯೇ ಆಗುತ್ತಿತ್ತು.

ಅದೇ ಕಾಲಕ್ಕೆ ಉತ್ತರ ಸಮುದ್ರದಲ್ಲಿ ಉಗಿಯಂತ್ರದ ಟ್ರಾಲರುಗಳು ಹೆಚ್ಚಿದ್ದವು. ಮೀನು ಬರಿದಾಗುವುದೇ ಎಂಬ ಚಿಂತೆ ಹುಟ್ಟಿತ್ತು. ಸ್ವೀಡನ್ನಿನ ಒಟ್ಟೊ ಪೆಟರ್ಸನ್ ಮುಂತಾದವರ ಪ್ರಯತ್ನದಿಂದ 1899ರಲ್ಲಿ ಸ್ಟಾಕ್‌ಹೋಮಿನಲ್ಲಿ, 1901ರಲ್ಲಿ ಕ್ರಿಸ್ಟಿಯಾನಿಯದಲ್ಲಿ ಸಭೆಗಳು ನಡೆದವು. 1902ರ ಜುಲೈಯಲ್ಲಿ ಕೋಪನ್‌ಹೇಗನ್ನಿನಲ್ಲಿ ಎಂಟು ದೇಶಗಳ ಅಂತರರಾಷ್ಟ್ರೀಯ ಸಮುದ್ರ ಅನ್ವೇಷಣಾ ಮಂಡಳಿ ಹುಟ್ಟಿತು. ಮಿತಿಮೀರಿದ ಮೀನುಗಾರಿಕೆಯನ್ನು ಪರಿಶೀಲಿಸಲೆಂದೇ ಒಂದು ಸಮಿತಿ ಇತ್ತು.

ಮಂಡಳಿಯ ಕೇಂದ್ರ ಪ್ರಯೋಗಾಲಯದ ಹೊಣೆ ನಾನ್ಸೆನ್ ಹೆಗಲಿಗೆ ಬಿತ್ತು. ಉಷ್ಣತಾಮಾಪಕ, ನೀರೆತ್ತುವ ಸೀಸೆ ಎಲ್ಲವೂ ಅಲ್ಲಿ ಪರೀಕ್ಷೆಗೆ ಒಳಗಾದವು. ನಾನ್ಸೆನ್ ಸೀಸೆಯನ್ನು ತಂತಿಗೆ ಕಟ್ಟಿ ಆಳಕ್ಕಿಳಿಸಿ, ಮೇಲಿನಿಂದ ಒಂದು ತೂಕ ಬಿಟ್ಟರೆ ಅದು ತಲೆಕೆಳಗಾಗಿ ಮುಚ್ಚಿಕೊಳ್ಳುತ್ತಿತ್ತು. ಲವಣಾಂಶ ಖಚಿತವಾಗಿ ತಿಳಿದ ಸಮುದ್ರದ ನೀರನ್ನು ಗಾಜಿನ ಕೊಳವೆಗಳಲ್ಲಿ ಮುಚ್ಚಿ ಬೇರೆಬೇರೆ ದೇಶಗಳಿಗೆ ಕಳುಹಿಸುವ ಪದ್ಧತಿಯೂ ಬಂತು. ಎಲ್ಲರೂ ತಮ್ಮ ಅಳತೆಯನ್ನು ಅದಕ್ಕೇ ಹೋಲಿಸಬೇಕು.

1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರೆಯಾಯಿತು. ಗಡಿಯಲ್ಲಿ ಸೈನ್ಯಗಳು ಸಜ್ಜಾಗಿದ್ದವು. ನಾನ್ಸೆನ್ ನಾರ್ವೆಯ ಪರ ಮುಂಚೂಣಿಯಲ್ಲಿದ್ದರು. ಅವರ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ಎಕ್ಮನ್ ಸ್ವೀಡನ್ನಿನವರು! ತೇಲುವ ಮಂಜುಗಡ್ಡೆ ಗಾಳಿಯ ದಿಕ್ಕಿಗಿಂತ ಬಲಕ್ಕೆ ಸರಿಯುವುದನ್ನು ಫ್ರಾಮ್‌ನಲ್ಲಿ ನಾನ್ಸೆನ್ ಕಂಡಿದ್ದರು. ಭೂಮಿ ತಿರುಗುವುದೇ ಅದಕ್ಕೆ ಕಾರಣವೆಂದು ಗಣಿತದಿಂದ ತೋರಿಸಿದ ಎಕ್ಮನ್ನರ ಪ್ರಬಂಧ ಪ್ರಕಟವಾದದ್ದು ಅದೇ ವರ್ಷ.

ಪ್ರಯೋಗಾಲಯ 1908ರಲ್ಲಿ ಮುಚ್ಚಿತು. ಮೊದಲ ಮಹಾಯುದ್ಧದ ಬಳಿಕ ನಾನ್ಸೆನ್ ಯುದ್ಧಕೈದಿಗಳ, ನಿರಾಶ್ರಿತರ ನೆರವಿಗೆ ನಿಂತರು. 1922ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. 1930ರ ಮೇ 13ರಂದು ತೀರಿಕೊಂಡರು.

ಮಂಡಳಿ ಈಗಲೂ ಕೋಪನ್‌ಹೇಗನ್ನಿನಲ್ಲಿದೆ, 20 ಸದಸ್ಯ ದೇಶಗಳಿವೆ. ಯಾವ ಮೀನನ್ನು ಎಷ್ಟು ಹಿಡಿಯಬಹುದೆಂದು ಅದು ಪ್ರತಿವರ್ಷ ಲೆಕ್ಕ ಹಾಕಿ ಹೇಳುತ್ತದೆ. ತೀರ್ಮಾನ ಮಾತ್ರ ಸರ್ಕಾರಗಳದು. ಎಷ್ಟೋ ಸಲ ಅವು ಮಂಡಳಿ ಹೇಳಿದ್ದಕ್ಕಿಂತ ಹೆಚ್ಚು ಮೀನು ಹಿಡಿಯಲು ಒಪ್ಪಿಗೆ ಕೊಟ್ಟಿವೆ.