ಕುದ್ಮುಲ್ ರಂಗರಾವ್: ಶಾಲೆಗೆ ಬಂದ ಮಗುವಿಗೆ ದಿನಕ್ಕೆ 2 ಪೈಸೆ ಕೊಟ್ಟ ವಕೀಲ

ಮಕ್ಕಳಿಂದ ಫೀಸು ಕಟ್ಟಿಸಿಕೊಳ್ಳುವ ಶಾಲೆಗಳನ್ನು ಎಲ್ಲರೂ ನೋಡಿದ್ದೇವೆ. ಆದರೆ ತರಗತಿಗೆ ಬಂದು ಕುಳಿತ ಮಗುವಿನ ಕೈಗೇ ದಿನಕ್ಕೆ 2 ಪೈಸೆ ಇಡುತ್ತಿದ್ದ ಶಾಲೆಯೊಂದು ಸುಮಾರು 130 ವರ್ಷಗಳ ಹಿಂದೆ ಮಂಗಳೂರಿನಲ್ಲಿತ್ತು. ಅದನ್ನು ಕಟ್ಟಿದವರು ಕಾಸರಗೋಡು ಮೂಲದ ವಕೀಲ ಕುದ್ಮುಲ್ ರಂಗರಾವ್. ಮಂಗಳೂರಿನ ಪುರಭವನ ಇಂದು ಅವರದೇ ಹೆಸರಿನಲ್ಲಿದೆ. ಆ ಹೆಸರಿನ ಹಿಂದೆ ಎಂಥ ಬದುಕಿತ್ತು ಎಂಬುದು ಕರಾವಳಿಯ ಆಚೆ ಹೆಚ್ಚಿನವರಿಗೆ ತಿಳಿದಿಲ್ಲ.

ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಶಾಲೆ ಎಂಬ ಮಾತು ಈಗ ಶಿಕ್ಷಣ ನೀತಿಯಲ್ಲೂ ಇದೆ, ಖಾಸಗಿ ಶಾಲೆಗಳ ಜಾಹೀರಾತಿನಲ್ಲೂ ಇದೆ. ಅಂಥ ಶಾಲೆ ನಡೆಸುವವರ ಕೆಲಸ ಎಲ್ಲಿಂದ ಶುರುವಾಗುತ್ತದೆ, ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಕನ್ನಡ ನಾಡಿನ ದೊಡ್ಡ ಉದಾಹರಣೆಗಳಲ್ಲಿ ಒಂದು ರಂಗರಾವ್ ಅವರ ಜೀವನ.

8 ರೂಪಾಯಿ ಸಂಬಳದ ಮೇಷ್ಟ್ರು

ರಂಗರಾವ್ ಹುಟ್ಟಿದ್ದು 1859ರ ಜೂನ್ 29ರಂದು, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಸೀಮೆಯ ಕುದ್ಮುಲ್‌ನಲ್ಲಿ. ಸಾರಸ್ವತ ಬ್ರಾಹ್ಮಣ ಕುಟುಂಬ. ತಂದೆ ದೇವಪ್ಪಯ್ಯ, ತಾಯಿ ಗೌರಿ. ಹದಿನಾರರ ಹರೆಯದಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗನ ಮೇಲೆ ಮನೆಯ ಭಾರ ಬಿತ್ತು. ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದ ಅವರಿಗೆ ಸಿಕ್ಕಿದ್ದು ಪ್ರಾಥಮಿಕ ಶಾಲೆಯ ಉಪಾಧ್ಯಾಯ ಹುದ್ದೆ. ಸಂಬಳ ತಿಂಗಳಿಗೆ 8 ರೂಪಾಯಿ.

ಪಾಠ ಹೇಳುತ್ತಲೇ ಓದು ಮುಂದುವರಿಸಿದ ರಂಗರಾವ್, ವಕೀಲಿ ಪರೀಕ್ಷೆ ಪಾಸು ಮಾಡಿ ಮಂಗಳೂರಿನ ನ್ಯಾಯಾಲಯದಲ್ಲಿ ವೃತ್ತಿ ಆರಂಭಿಸಿದರು. ಬಡ ಕಕ್ಷಿದಾರರ ಪರ ನಿಲ್ಲುವ ಪ್ರಾಮಾಣಿಕ ವಕೀಲ ಎಂಬ ಹೆಸರು ಬೇಗನೆ ಬಂತು. ಅದೇ ಹೊತ್ತಿಗೆ ಮಂಗಳೂರಿನಲ್ಲಿ ಬ್ರಹ್ಮ ಸಮಾಜದ ಚಟುವಟಿಕೆ ಬೇರೂರಿತ್ತು. ಉಳ್ಳಾಲ ರಘುನಾಥಯ್ಯ ಅವರಂಥ ಹಿರಿಯರ ಪ್ರಭಾವಕ್ಕೆ ಒಳಗಾದ ರಂಗರಾವ್, ಜಾತಿಭೇದವನ್ನು ಒಪ್ಪದ ಆ ಸಮಾಜದ ಸದಸ್ಯರಾದರು.

ಕಾನೂನು ತೆರೆದ ಬಾಗಿಲು, ಊರು ಮುಚ್ಚಿದ ಬಾಗಿಲು

ಅಂದು ದಲಿತ ಮಕ್ಕಳು ಸರ್ಕಾರಿ ಶಾಲೆಗೆ ಸೇರಬಾರದು ಎಂದು ಕಾನೂನು ಹೇಳುತ್ತಿರಲಿಲ್ಲ. ಈ ಪ್ರಶ್ನೆ ಬಹಳ ಹಿಂದೆಯೇ ಕನ್ನಡ ನೆಲದಿಂದ ಲಂಡನ್‌ವರೆಗೂ ಹೋಗಿ ಬಂದಿತ್ತು. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆ ಮಹಾರ್ ಸಮುದಾಯದ ಬಾಲಕನೊಬ್ಬನಿಗೆ ಪ್ರವೇಶ ನಿರಾಕರಿಸಿತು. ಆತ ಬಾಂಬೆ ಸರ್ಕಾರಕ್ಕೆ ಅರ್ಜಿ ಬರೆದ. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಡುತ್ತಾರೆ ಎಂಬ ಭಯದಿಂದ ಸರ್ಕಾರ ಕೈಚೆಲ್ಲಿತು. ಆ ನಿಲುವನ್ನು ಮೇಲಿನವರು ಒಪ್ಪಲಿಲ್ಲ. ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂಬ ತತ್ವ ಮುಂದೆ ಕಾಗದದ ಮೇಲೆ ಸ್ಥಿರವಾಯಿತು. 1882ರ ಹಂಟರ್ ಆಯೋಗವೂ ಅದನ್ನೇ ಎತ್ತಿ ಹಿಡಿಯಿತು.

ಆದರೆ ಆದೇಶ ಬಂದಷ್ಟು ಬೇಗ ಮಕ್ಕಳು ಬರಲಿಲ್ಲ. ಮೇಷ್ಟ್ರು ಮುಟ್ಟುತ್ತಿರಲಿಲ್ಲ, ಊರಿನವರು ಬಿಡುತ್ತಿರಲಿಲ್ಲ, ಹೊಟ್ಟೆಗಿಲ್ಲದ ಅಪ್ಪ ಅಮ್ಮ ಕಳಿಸುವ ಸ್ಥಿತಿಯಲ್ಲೂ ಇರಲಿಲ್ಲ.

ಹೇಗೋ ಓದಿದವರ ಪಾಡೂ ಸುಲಭವಿರಲಿಲ್ಲ. ಬೆಂದೂರು ಬಾಬು ಎಂಬ ದಲಿತ ಯುವಕ ಅಕ್ಷರ ಕಲಿತು ಮಂಗಳೂರಿನ ನ್ಯಾಯಾಲಯದಲ್ಲಿ ಜವಾನನ ಕೆಲಸ ಪಡೆದಾಗ ಮೇಲ್ಜಾತಿಯವರು ತಿರುಗಿಬಿದ್ದರು. ಅದೇ ನ್ಯಾಯಾಲಯದ ಲೋಕದಲ್ಲಿದ್ದ ರಂಗರಾವ್ ಅವರನ್ನು ಈ ಪ್ರಸಂಗ ಅಲುಗಾಡಿಸಿತು. ಒಬ್ಬ ಬಾಬುವನ್ನು ಹೆದರಿಸಬಹುದು, ಓದಿದ ನೂರು ಜನರನ್ನು ಹೆದರಿಸುವುದು ಕಷ್ಟ. ಅದಕ್ಕೆ ಬೇಕಾದದ್ದು ಶಾಲೆ ಎಂಬ ತೀರ್ಮಾನಕ್ಕೆ ಅವರು ಬಂದರು.

ಚಿಲಿಂಬಿಯ ಬಾಡಿಗೆ ಕಟ್ಟಡ

1892ರಲ್ಲಿ ಮಂಗಳೂರಿನ ಉರ್ವಾ ಚಿಲಿಂಬಿಯಲ್ಲಿ ಬಾಡಿಗೆ ಕಟ್ಟಡವೊಂದರಲ್ಲಿ ದಲಿತ ಮಕ್ಕಳಿಗಾಗಿ ರಂಗರಾವ್ ಶಾಲೆ ತೆರೆದರು. ವಿರೋಧ ಕೂಡಲೇ ಶುರುವಾಯಿತು. ಕಲ್ಲು ಬಿದ್ದವು, ಮಕ್ಕಳನ್ನು ಬೆದರಿಸಲಾಯಿತು, ಕಟ್ಟಡ ಉಳಿಸಿಕೊಳ್ಳುವುದೇ ಕಷ್ಟವಾಯಿತು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆಯುವುದು ಅವರ ಉತ್ತರವಾಗಿತ್ತು. ಮುಂದಿನ ವರ್ಷಗಳಲ್ಲಿ ಕಂಕನಾಡಿ, ಅತ್ತಾವರ, ದಡ್ಡಲಕಾಡು ಮೊದಲಾದ ಕಡೆ ಶಾಲೆಗಳು ಎದ್ದವು. ಮೂಲ್ಕಿಗೂ ಉಡುಪಿ ಕಡೆಗೂ ಕೆಲಸ ಹಬ್ಬಿತು.

ಚದುರಿದ ಈ ಪ್ರಯತ್ನಗಳಿಗೆ ಒಂದು ಸಂಸ್ಥೆ ಬೇಕು ಎಂದು ಅವರಿಗೆ ಅನಿಸಿತು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಹುಟ್ಟಿತು. ಜಮಖಂಡಿಯಲ್ಲಿ ಹುಟ್ಟಿ ಬೆಳೆದ ವಿಠ್ಠಲ ರಾಮಜಿ ಶಿಂದೆ ಮುಂಬೈನಲ್ಲಿ ಇದೇ ಹೆಸರಿನ ಪ್ರಸಿದ್ಧ ಸಂಸ್ಥೆ ಸ್ಥಾಪಿಸಿದ್ದು 1906ರಲ್ಲಿ. ಮಂಗಳೂರಿನ ಪ್ರಯೋಗ ಅದಕ್ಕಿಂತ 9 ವರ್ಷ ಹಳೆಯದು.

ಮಕ್ಕಳು ಬಾರದಿದ್ದರೆ ತಪ್ಪು ಯಾರದ್ದು?

ಶಾಲೆ ತೆರೆದಿದ್ದೇವೆ, ಬರುವವರು ಬರಲಿ ಎಂದು ರಂಗರಾವ್ ಸುಮ್ಮನೆ ಕೂರಲಿಲ್ಲ. ಮಗು ಬರುತ್ತಿಲ್ಲ ಎಂದರೆ ಯಾಕೆ ಬರುತ್ತಿಲ್ಲ ಎಂದು ಕೇಳಿದರು. ಅವರ ದೊಡ್ಡತನ ಇರುವುದು ಈ ಪ್ರಶ್ನೆಯಲ್ಲಿ.

ಮೊದಲ ಕಾರಣ ಕೂಲಿ. ದನ ಕಾಯುವ, ಗದ್ದೆಯಲ್ಲಿ ಕೈಜೋಡಿಸುವ ಮಗುವನ್ನು ಶಾಲೆಗೆ ಕಳಿಸಿದರೆ ಮನೆಗೆ ಅಷ್ಟು ನಷ್ಟ. ಹಾಜರಾದ ಮಗುವಿಗೆ ದಿನಕ್ಕೆ 2 ಪೈಸೆ ಕೊಡುವ ಏರ್ಪಾಡು ಆ ನಷ್ಟ ತುಂಬಲೆಂದೇ ಬಂದದ್ದು. ಎರಡನೇ ಕಾರಣ ಹಸಿವು. ಶಾಲೆಯಲ್ಲೇ ಮಧ್ಯಾಹ್ನದ ಊಟ ಹಾಕಿಸಿದರು. ಶಾಲೆಗಳಲ್ಲಿ ಬಿಸಿಯೂಟ ನೀಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ, ಕರ್ನಾಟಕದಲ್ಲಿ ಅಕ್ಷರ ದಾಸೋಹ ಆರಂಭವಾಗಿದ್ದು 2002ರಲ್ಲಿ ಎಂಬುದನ್ನು ನೆನೆದರೆ ಅವರು ಎಷ್ಟು ಮುಂದಿದ್ದರು ಎಂಬುದು ಗೊತ್ತಾಗುತ್ತದೆ.

ಮೂರನೇ ಕಾರಣ ಮೇಷ್ಟ್ರುಗಳು. ದಲಿತ ಮಕ್ಕಳಿಗೆ ಪಾಠ ಹೇಳಲು ಮೇಲ್ಜಾತಿಯ ಹಿಂದೂ ಶಿಕ್ಷಕರು ಮುಂದೆ ಬರಲಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಕಾಲದಿಂದಲೂ ಓದಿದ ಕ್ರೈಸ್ತ ಸಮುದಾಯವಿತ್ತು. ರಂಗರಾವ್ ಅವರಲ್ಲಿ ಒಪ್ಪಿದವರನ್ನು ನೇಮಿಸಿಕೊಂಡರು. ಕಟ್ಟಡಕ್ಕಿಂತ ಮೊದಲು ಮಗುವನ್ನು ಮನುಷ್ಯನಂತೆ ಕಾಣುವ ಶಿಕ್ಷಕ ಬೇಕು ಎಂಬುದು ಅವರಿಗೆ ತಿಳಿದಿತ್ತು. ಅವರೂ ಒಂದು ಕಾಲದ ಮೇಷ್ಟ್ರೇ ತಾನೆ!

ಮುಖ್ಯಸ್ಥನಿಗೂ ಬಹಿಷ್ಕಾರ

ಶಾಲೆ ಯಾರಿಗಾಗಿಯೋ ಅವರಿಗೆ ಆಗುತ್ತಿದ್ದ ಅವಮಾನ ಬಹುಬೇಗ ಶಾಲೆ ನಡೆಸುವವನ ಮನೆಗೂ ಬಂತು. ಸ್ವಂತ ಸಮುದಾಯ ರಂಗರಾವ್ ಅವರನ್ನು ಹೊರಗಿಟ್ಟಿತು. ಕ್ಷೌರಿಕ ಬರಲಿಲ್ಲ, ಅಗಸ ಬಟ್ಟೆ ಮುಟ್ಟಲಿಲ್ಲ. ಬೀದಿಯಲ್ಲಿ ನಡೆದರೆ ಬೈಗುಳ. ಒಳ್ಳೆಯ ವಕೀಲಿ ವೃತ್ತಿ ಇದ್ದ ಮನುಷ್ಯ ಈ ಹಾದಿ ಬಿಟ್ಟು ಪ್ರಾಯಶ್ಚಿತ್ತ ಮಾಡಿಕೊಂಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಪತ್ನಿ ರುಕ್ಮಿಣಿ ಅವರೂ ಈ ಕಷ್ಟಕ್ಕೆ ಹೆಗಲು ಕೊಟ್ಟರು.

ತರಗತಿಯ ಆಚೆಗೂ ಹೊಣೆ

ನಾಲ್ಕನೇ ಕ್ಲಾಸು ಮುಗಿಸಿದ ಹುಡುಗ ಮುಂದೇನು ಮಾಡಬೇಕು? ಬೆಂದೂರು ಬಾಬು ಅವರಿಗಾದ ಗತಿಯೇ ಆದರೆ? ಇದಕ್ಕೆ ಉತ್ತರವಾಗಿ ಮಿಷನ್ ಕೈಕಸುಬಿನ ತರಬೇತಿ ಆರಂಭಿಸಿತು. ಮಗ್ಗದ ನೇಯ್ಗೆ, ಮರಗೆಲಸ, ತೋಟಗಾರಿಕೆ ಕಲಿಸಲಾಯಿತು. ಕೊಡಿಯಾಲಬೈಲಿನ ಶೇಡಿಗುಡ್ಡ ಮಿಷನ್‌ನ ಕೇಂದ್ರವಾಯಿತು.

ನೆಲೆ ಇಲ್ಲದವನ ಮಗು ಶಾಲೆಯಲ್ಲಿ ನಿಲ್ಲುವುದು ಹೇಗೆ ಎಂಬ ಪ್ರಶ್ನೆಯೂ ಬಂತು. ಧಣಿಯ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡವರನ್ನು ಧಣಿ ಯಾವಾಗ ಬೇಕಾದರೂ ಎಬ್ಬಿಸಬಹುದಿತ್ತು. ರಂಗರಾವ್ ಸರ್ಕಾರದಿಂದ ಭೂಮಿ ಪಡೆದು ದಲಿತ ಕುಟುಂಬಗಳಿಗೆ ನಿವೇಶನ ಮಾಡಿಸಿಕೊಟ್ಟರು. ಸಾಲದ ಶೂಲದಿಂದ ತಪ್ಪಿಸಲು ಆದಿ ದ್ರಾವಿಡರ ಸಹಕಾರ ಸಂಘ ಕಟ್ಟಿಸಿದರು. ತಮ್ಮ ಮಾತನ್ನು ತಾವೇ ಆಡುವವರು ಬೇಕೆಂದು ಸ್ಥಳೀಯ ಆಡಳಿತ ಸಂಸ್ಥೆಗಳಿಗೆ ದಲಿತ ಪ್ರತಿನಿಧಿಗಳು ನಾಮಕರಣಗೊಳ್ಳುವಂತೆ ಶ್ರಮಿಸಿದರು. ಹೀಗೆ ಹುದ್ದೆ ಪಡೆದ ಅಂಗಾರ ಮಾಸ್ತರ್, ಗೋವಿಂದ ಮಾಸ್ತರ್ ಅವರ ಹೆಸರುಗಳನ್ನು ಕರಾವಳಿಯ ದಲಿತ ಚರಿತ್ರೆ ಮರೆತಿಲ್ಲ.

ಒಂದು ಪ್ರಾಥಮಿಕ ಶಾಲೆಗಾಗಿ ಹೊರಟ ಮನುಷ್ಯ ಊಟ, ಮನೆ, ಸಾಲ, ಕಸುಬು, ಮುನ್ಸಿಪಾಲಿಟಿ ಎಲ್ಲಕ್ಕೂ ಕೈಹಾಕಬೇಕಾಯಿತು. ಇವುಗಳಲ್ಲಿ ಯಾವುದನ್ನು ಬಿಟ್ಟಿದ್ದರೂ ಮಗು ಮತ್ತೆ ಗದ್ದೆಗೇ ಹೋಗುತ್ತಿತ್ತು.

ಇಲ್ಲೊಂದು ಪ್ರಶ್ನೆ ಸಹಜ. ದಲಿತ ಮಕ್ಕಳಿಗೇ ಪ್ರತ್ಯೇಕ ಶಾಲೆ ಮಾಡಿದರೆ ಅದು ಎಲ್ಲರನ್ನೂ ಒಳಗೊಳ್ಳುವ ಶಾಲೆ ಹೇಗಾಗುತ್ತದೆ? ಎಲ್ಲರ ಶಾಲೆಗಳು ಬಾಗಿಲು ತೆರೆಯದ ಕಾಲವದು. ಆ ಬಾಗಿಲು ತೆರೆದುಕೊಳ್ಳುವವರೆಗೆ ಒಂದು ತಲೆಮಾರು ಅಕ್ಷರವಿಲ್ಲದೆ ಉಳಿಯುವುದನ್ನು ರಂಗರಾವ್ ಒಪ್ಪಲಿಲ್ಲ. ಪ್ರತ್ಯೇಕ ಶಾಲೆ ಅವರಿಗೆ ಮೆಟ್ಟಿಲಾಗಿತ್ತು. ಕೋರ್ಟು, ಕಚೇರಿ, ಪುರಸಭೆಯಲ್ಲಿ ಎಲ್ಲರ ಪಕ್ಕ ಕೂರುವ ದಿನಕ್ಕಾಗಿ ಅವರು ಮಕ್ಕಳನ್ನು ತಯಾರು ಮಾಡುತ್ತಿದ್ದರು.

ಮಗಳ ಮದುವೆ, ಕೊನೆಯ ಇಚ್ಛೆ

ಹೊರಗೆ ಹೇಳಿದ್ದನ್ನು ರಂಗರಾವ್ ಮನೆಯಲ್ಲೂ ನಡೆಸಿದರು. ಮಗಳು ರಾಧಾಬಾಯಿಯನ್ನು ಉನ್ನತ ವಿದ್ಯಾಭ್ಯಾಸ ಮಾಡಿಸಿದರು. ಆಕೆಯ ಮದುವೆ ಬೇರೆ ಜಾತಿ, ಬೇರೆ ಭಾಷೆಯ ಪಿ. ಸುಬ್ಬರಾಯನ್ ಅವರೊಂದಿಗೆ ನಡೆಯಿತು. ಸುಬ್ಬರಾಯನ್ 1926ರಿಂದ 1930ರವರೆಗೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದರು. ರಾಧಾಬಾಯಿ 1930ರ ಮೊದಲ ದುಂಡು ಮೇಜಿನ ಪರಿಷತ್ತಿಗೆ ಹೋದ ಇಬ್ಬರು ಮಹಿಳಾ ಪ್ರತಿನಿಧಿಗಳಲ್ಲಿ ಒಬ್ಬರು. ಸೇನಾ ಮುಖ್ಯಸ್ಥರಾದ ಜನರಲ್ ಪಿ.ಪಿ. ಕುಮಾರಮಂಗಲಂ, ಕೇಂದ್ರ ಸಚಿವ ಮೋಹನ್ ಕುಮಾರಮಂಗಲಂ, ಸಂಸದೆ ಪಾರ್ವತಿ ಕೃಷ್ಣನ್ ಇವರೆಲ್ಲ ರಂಗರಾವ್ ಅವರ ಮೊಮ್ಮಕ್ಕಳು.

ತಾವಿಲ್ಲದ ಮೇಲೆ ಶಾಲೆಗಳು ನಿಲ್ಲಬಾರದು ಎಂಬ ಎಚ್ಚರ ಅವರಿಗಿತ್ತು. ವಯಸ್ಸಾಗುತ್ತಿದ್ದಂತೆ ಗೋಪಾಲಕೃಷ್ಣ ಗೋಖಲೆ ಸ್ಥಾಪಿಸಿದ್ದ ಭಾರತ ಸೇವಕ ಸಮಾಜಕ್ಕೆ ಮಿಷನ್‌ನ ಹೊಣೆ ವಹಿಸಿದರು. ಆಮೇಲೆ ಸನ್ಯಾಸ ಸ್ವೀಕರಿಸಿ ಈಶ್ವರಾನಂದ ಎಂಬ ಹೆಸರು ಪಡೆದರು. 1928ರ ಜನವರಿ 30ರಂದು ನಿಧನರಾದರು.

ತಮ್ಮ ಶವವನ್ನು ದಲಿತರೇ ಹೊರಬೇಕು, ಅವರೇ ಅಂತ್ಯಕ್ರಿಯೆ ಮಾಡಬೇಕು ಎಂಬುದು ಅವರ ಕೊನೆಯ ಇಚ್ಛೆಯಾಗಿತ್ತು. ಹಾಗೆಯೇ ನಡೆಯಿತು. ಅವರ ಇನ್ನೊಂದು ಆಸೆಯನ್ನು ಮಂಗಳೂರಿನವರು ಈಗಲೂ ಹೇಳಿಕೊಳ್ಳುತ್ತಾರೆ. ತಮ್ಮ ಶಾಲೆಯಲ್ಲಿ ಕಲಿತ ಮಗು ಮುಂದೆ ಸರ್ಕಾರಿ ಅಧಿಕಾರಿಯಾಗಿ ಕಾರಿನಲ್ಲಿ ಊರಿನ ರಸ್ತೆಯಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು, ಆಗ ಜನ್ಮ ಸಾರ್ಥಕ ಎಂದು ಅವರು ಬಯಸಿದ್ದರಂತೆ. ಅವರು ತೀರಿಕೊಂಡ 6 ವರ್ಷಗಳ ನಂತರ, 1934ರ ಫೆಬ್ರವರಿಯಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ಮಿಷನ್‌ಗೂ ಭೇಟಿ ಕೊಟ್ಟರು. ದಲಿತೋದ್ಧಾರದಲ್ಲಿ ರಂಗರಾವ್ ತಮಗೆ ಗುರು ಎಂದು ಗಾಂಧೀಜಿ ಭಾವಿಸಿದ್ದರು ಎಂದು ಕರಾವಳಿಯಲ್ಲಿ ಇಂದಿಗೂ ನೆನೆಯುತ್ತಾರೆ.

ಕೊಂಡಾಪುರದ ಶಾಲೆಗೂ ಇದು ಪಾಠ

ಇಂಥ ಕೆಲಸ ಮಂಗಳೂರಿಗಷ್ಟೇ ಸೀಮಿತವಾಗಿರಲಿಲ್ಲ. ಹೈದರಾಬಾದ್‌ನಲ್ಲಿ 1910ರ ಹೊತ್ತಿಗೆ ಭಾಗ್ಯರೆಡ್ಡಿ ವರ್ಮಾ ದಲಿತ ಮಕ್ಕಳಿಗಾಗಿ ಶಾಲೆಗಳನ್ನು ತೆರೆಯತೊಡಗಿದರು. ಅದೇ ಹೈದರಾಬಾದ್‌ನ ಕೊಂಡಾಪುರ ಈಗ ಐಟಿ ಕಂಪನಿಗಳ ನೆರಳಿನಲ್ಲಿ ಬೆಳೆದ ಬಡಾವಣೆ. ಕನ್ನಡಿಗರೂ ಸೇರಿದಂತೆ ಹಲವು ರಾಜ್ಯಗಳ ಕುಟುಂಬಗಳು ಅಲ್ಲಿ ಮಕ್ಕಳಿಗೆ ಶಾಲೆ ಹುಡುಕುತ್ತವೆ. ಅಪಾರ್ಟ್‌ಮೆಂಟ್ ಕಟ್ಟುವ ಕೂಲಿಕಾರರ ಮಕ್ಕಳಿಗೂ ಶಾಲೆ ಬೇಕು. ವಿಶೇಷ ಅಗತ್ಯವಿರುವ ಮಕ್ಕಳಿಗೂ ಬೇಕು.

ಕಾನೂನು ಇಂದು ಎಲ್ಲರ ಪರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಅನುದಾನರಹಿತ ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ಕನಿಷ್ಠ ಶೇ 25ರಷ್ಟು ಸೀಟುಗಳನ್ನು ದುರ್ಬಲ ಮತ್ತು ಅವಕಾಶವಂಚಿತ ವರ್ಗಗಳಿಗೆ ಮೀಸಲಿಡಬೇಕು ಎನ್ನುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯವಿರುವ ಮಕ್ಕಳು ಇತರರೊಂದಿಗೇ ಕಲಿಯಬೇಕು ಎನ್ನುತ್ತದೆ. ಆದರೆ 1856ರ ಧಾರವಾಡದ ಪ್ರಕರಣ ಹೇಳಿದ್ದೂ ಇದನ್ನೇ ಅಲ್ಲವೇ? ಆದೇಶ ಮೇಲಿನಿಂದ ಬರಬಹುದು, ಅದು ತರಗತಿಯ ಬೆಂಚಿನವರೆಗೆ ತಲುಪುವುದು ಶಾಲೆ ನಡೆಸುವವರು ಮನಸ್ಸು ಮಾಡಿದಾಗ ಮಾತ್ರ.

ಅಡ್ಮಿಷನ್ ಪಟ್ಟಿಯಲ್ಲಿ ಹೆಸರಿದ್ದೂ ಬಾರದ ಮಗುವಿನ ಮನೆಗೆ ಯಾರು ಹೋಗುತ್ತಾರೆ? ಆ ಮಗುವನ್ನು ಹಿಂದಿನ ಬೆಂಚಿಗೆ ತಳ್ಳುವ ಶಿಕ್ಷಕರಿಗೆ ಯಾರು ಬುದ್ಧಿ ಹೇಳುತ್ತಾರೆ? ತಮ್ಮ ಮಗುವಿನ ಪಕ್ಕ ಆ ಮಗು ಕೂರುವುದು ಬೇಡ ಎಂದು ಬರುವ ಪೋಷಕರನ್ನು ಯಾರು ಎದುರಿಸುತ್ತಾರೆ? ಮುಖ್ಯೋಪಾಧ್ಯಾಯರು, ಪ್ರಾಂಶುಪಾಲರು, ಆಡಳಿತ ಮಂಡಳಿಯವರು ಉತ್ತರಿಸಬೇಕಾದ ಪ್ರಶ್ನೆಗಳಿವು. ಸ್ವಂತ ಜಾತಿ ಹೊರಗಿಟ್ಟಾಗಲೂ ಶಾಲೆ ಮುಚ್ಚದ ಚಿಲಿಂಬಿಯ ವಕೀಲ ಅವುಗಳಿಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟು ಹೋಗಿದ್ದಾರೆ.