ಪಲ್ವಂಕರ್ ಬಾಲೂ

ಪಲ್ವಂಕರ್ ಬಾಲೂ (19 ಮಾರ್ಚ್ 1876 – 4 ಜುಲೈ 1955) ಭಾರತದ ಆರಂಭಕಾಲದ ಪ್ರಮುಖ ಕ್ರಿಕೆಟ್ ಆಟಗಾರರಲ್ಲೊಬ್ಬರು. ಎಡಗೈ ಸ್ಪಿನ್ ಬೌಲರ್ ಆಗಿದ್ದ ಇವರು ಉನ್ನತ ಮಟ್ಟದ ಕ್ರಿಕೆಟ್‌ನಲ್ಲಿ ಹೆಸರು ಗಳಿಸಿದ ಮೊದಲ ದಲಿತ ಆಟಗಾರರೆಂದು ಪ್ರಸಿದ್ಧರಾಗಿದ್ದಾರೆ.

ಆರಂಭಿಕ ಜೀವನ

ಬಾಲೂ ಧಾರವಾಡದಲ್ಲಿ ಚಮ್ಮಾರ ಕುಟುಂಬವೊಂದರಲ್ಲಿ ಜನಿಸಿದರು. ಈ ಕುಟುಂಬದ ಮೂಲ ಕೊಂಕಣ ಪ್ರದೇಶ. ತಂದೆ ಸೈನ್ಯದ ಸೇವೆಯಲ್ಲಿದ್ದರು. ಸೇನಾಧಿಕಾರಿಗಳು ಬಳಸಿ ಬಿಟ್ಟ ಸಲಕರಣೆಗಳಿಂದಲೇ ಬಾಲೂ ಮತ್ತು ಇವರ ತಮ್ಮ ಶಿವರಾಮ್ ಪುಣೆಯಲ್ಲಿ ಆಟ ಕಲಿತರು. ಪಾರ್ಸಿಗಳ ಮೈದಾನವೊಂದರಲ್ಲಿ ಕಸ ಗುಡಿಸಿ, ಪಿಚ್ಚಿನ ಮೇಲೆ ರೋಲರ್ ಎಳೆಯುವ ಕೆಲಸಕ್ಕೆ ಬಾಲೂ ಅವರಿಗೆ ತಿಂಗಳಿಗೆ 3 ರೂಪಾಯಿ ಸಂಬಳವಿತ್ತು. ಅನಂತರ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿಗೆ ದುಡಿದರು. ಅಲ್ಲಿ ಜೆ. ಜಿ. ಗ್ರೇಗ್ ಮೊದಲಾದವರ ಅಭ್ಯಾಸಕ್ಕಾಗಿ ದಿನವೂ ಬೌಲಿಂಗ್ ಮಾಡಿ ಪಳಗಿದರು. ಆದರೆ ಬ್ಯಾಟಿಂಗ್ ಮಾಡುವ ಅವಕಾಶ ಇವರಿಗಿರಲಿಲ್ಲ.

ಕ್ರೀಡಾ ಜೀವನ

ಪುಣೆಯ ಹಿಂದೂ ತಂಡವು ಗೆಲುವಿಗಾಗಿ ಬಾಲೂ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟುತ್ತಿದ್ದರೂ, ವಿರಾಮದ ವೇಳೆ ಇವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಲೋಟದಲ್ಲಿ ಚಹಾ ಕೊಡಲಾಗುತ್ತಿತ್ತು. ಊಟಕ್ಕೂ ತಟ್ಟೆ ಬೇರೆಯೇ ಆಗಿತ್ತು. ಮುಂದೆ ಮುಂಬಯಿಗೆ ತೆರಳಿದ ಬಾಲೂ, 1906ರಲ್ಲಿ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದ ಹಿಂದೂ ತಂಡದಲ್ಲಿದ್ದರು. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದಲ್ಲಿ 1911ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿದ ಭಾರತ ತಂಡ ಹೆಚ್ಚಿನ ಪಂದ್ಯಗಳಲ್ಲಿ ಸೋತರೂ, ಬಾಲೂ ಒಟ್ಟು 114 ವಿಕೆಟ್ ಪಡೆದರು. 33 ಪ್ರಥಮ ದರ್ಜೆ ಪಂದ್ಯಗಳಲ್ಲಿ ಇವರ ವಿಕೆಟ್‌ಗಳ ಸಂಖ್ಯೆ 179; ಸರಾಸರಿ 15.21.

ನಾಯಕತ್ವದ ಪ್ರಶ್ನೆ

ಇಷ್ಟು ಸಾಧನೆಯ ನಂತರವೂ ಹಿಂದೂ ತಂಡದ ನಾಯಕತ್ವವನ್ನು ಮೇಲ್ಜಾತಿಯ ಆಟಗಾರರಿಗೇ ನೀಡಲಾಗುತ್ತಿತ್ತು. 1920ರಲ್ಲಿ ಬಾಲೂ ಅವರನ್ನು ತಂಡದಿಂದ ಕೈಬಿಟ್ಟಾಗ, ತಮ್ಮಂದಿರಾದ ಶಿವರಾಮ್ ಮತ್ತು ವಿಠ್ಠಲ್ ತಂಡದಿಂದ ಹಿಂದೆ ಸರಿದು ಪ್ರತಿಭಟಿಸಿದರು. ಅದೇ ಪಂದ್ಯಾವಳಿಯಲ್ಲಿ ಬಾಲೂ ಉಪನಾಯಕರಾಗಿ ಮರಳಿದರು. ಅಣ್ಣನಿಗೆ ದೊರೆಯದ ನಾಯಕ ಸ್ಥಾನ 1923ರಲ್ಲಿ ವಿಠ್ಠಲ್ ಅವರಿಗೆ ದೊರೆಯಿತು. ಆ ವರ್ಷ ಹಿಂದೂ ತಂಡ ಚತುಷ್ಕೋನ ಪಂದ್ಯಾವಳಿಯನ್ನು ಗೆದ್ದಿತು.

ರಾಜಕೀಯ ಮತ್ತು ಕೊನೆಯ ದಿನಗಳು

ಯುವಕರಾಗಿದ್ದ ಬಿ. ಆರ್. ಅಂಬೇಡ್ಕರ್ ಅವರು ಬಾಲೂ ಅವರನ್ನು ಬಹುವಾಗಿ ಮೆಚ್ಚಿಕೊಂಡಿದ್ದರು. ಆದರೆ 1932ರಲ್ಲಿ ಪ್ರತ್ಯೇಕ ಮತಕ್ಷೇತ್ರಗಳ ವಿಷಯದಲ್ಲಿ ಇಬ್ಬರ ನಿಲುವುಗಳು ಭಿನ್ನವಾದವು. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಅಂಬೇಡ್ಕರ್ ಅವರ ವಿರುದ್ಧ ಸ್ಪರ್ಧಿಸಿದ ಬಾಲೂ 11,225 ಮತಗಳನ್ನು ಪಡೆದು ಪರಾಭವಗೊಂಡರು. ಅಂಬೇಡ್ಕರ್ ಅವರಿಗೆ 13,245 ಮತಗಳು ಬಂದವು. ಬಾಲೂ 1955ರಲ್ಲಿ ಮುಂಬಯಿಯಲ್ಲಿ ನಿಧನರಾದರು.